ಇದನ್ನ ಯಾಕೆ ಕಡೀಲಿಲ್ಲ? ಕೊಡಗಿನಲ್ಲಿ ಐದು ದಿನದ ಮರನಡಿಗೆ

ಸೋಮವಾರಪೇಟೆ ಪಕ್ಕದ ಹಳ್ಳಿಯಲ್ಲಿ ಹುಟ್ಟಿ, ಹದಿನೆಂಟು ವರ್ಷ ಕಾಫಿ ತೋಟದಲ್ಲೇ ಬೆಳೆದವಳನ್ನು ‘ಕೊಡಗಿನ ಮರ ತೋರಿಸ್ತೀವಿ ಬಾ’ ಎಂದು ಯಾರಾದರೂ ಕರೆದರೆ ನಗು ಬರದೆ ಇನ್ನೇನು? ಮೈಸೂರಿನ ಗೆಳತಿ ಕಳಿಸಿದ ಮೆಸೇಜು ನೋಡಿ ನಾನೂ ನಕ್ಕಿದ್ದೆ. ಮಡಿಕೇರಿ, ವಿರಾಜಪೇಟೆ, ಸಿದ್ದಾಪುರದ ಸುತ್ತಮುತ್ತ ನಾಲ್ಕು ದಿನ ನಡಿಗೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ಕರೆದುಕೊಂಡು ಹೋಗುತ್ತಾರೆ. ಹತ್ತು ಜನಕ್ಕಿಂತ ಹೆಚ್ಚಿಲ್ಲ. ತರಬೇಕಾದದ್ದು ಟೋಪಿ, ನೀರು, ಬಟ್ಟೆ ಅಳೆಯುವ ಟೇಪು. ತರಬಾರದ್ದು ಸ್ಪೀಕರ್. ಕೊನೆಯ ಸಾಲು ಓದಿ ಹೊರಟೆ. ಸ್ಪೀಕರ್ ಬೇಡ ಎನ್ನುವವರ ಜೊತೆ ಎಲ್ಲಿಗಾದರೂ ಹೋಗಬಹುದು. ಹೇಗೂ ಅಷ್ಟು ದೂರ ಹೋದಮೇಲೆ ಐದನೆಯ ದಿನ ಅಪ್ಪನ ಮನೆ.

ಮೊದಲ ದಿನ

ಮಾರ್ಚ್ ಕೊನೆಯ ವಾರ. ಮೈಸೂರಿನಿಂದ ಬಸ್ಸು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಮನೆಗಳು, ಕುದಿವ ಬಿಸಿಲು. ಕಾವೇರಿ ಸೇತುವೆ ದಾಟಿ ಕುಶಾಲನಗರಕ್ಕೆ ಬಂದರೂ ಸೆಕೆ ಸೆಕೆಯೇ. ಸುಂಟಿಕೊಪ್ಪ ಕಳೆದ ಮೇಲೆ ಬಸ್ಸಿನೊಳಗೆ ಇದ್ದಕ್ಕಿದ್ದಂತೆ ಮಲ್ಲಿಗೆ ವಾಸನೆ. ಎಂಟು ಹತ್ತು ದಿನದ ಹಿಂದೆ ಹೂಮಳೆ ಬಿದ್ದಿತ್ತಂತೆ, ಕಾಫಿ ಹೂ ಅರಳಿತ್ತು. ಗಿಡದ ರೆಕ್ಕೆ ರೆಕ್ಕೆಗೂ ಯಾರೋ ಅವಲಕ್ಕಿ ಅಂಟಿಸಿದ ಹಾಗೆ. ಮುಂದಿನ ಸೀಟಿನ ಹೆಂಗಸು ಕಿಟಕಿ ಗಾಜು ಪೂರ್ತಿ ಸರಿಸಿ, ‘ಈ ಸಲ ಬೇಗ ಬಂತು, ಹಿಂದೇನೇ ಇನ್ನೊಂದು ಮಳೆ ಬೀಳಬೇಕು, ಇಲ್ಲಾಂದ್ರೆ ಕಾಯಿ ಕಚ್ಚಲ್ಲ’ ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ, ಬಸ್ಸಿನಲ್ಲಿದ್ದ ಅರ್ಧ ಜನ ತಲೆಯಾಡಿಸಿದರು.

ಸಂಜೆ ಮಡಿಕೇರಿಯ ರಾಜಾಸೀಟಿನಲ್ಲಿ ಸೇರಬೇಕಿತ್ತು. ಒಂಬತ್ತು ಜನ ಬಂದಿದ್ದೆವು: ಬ್ಯಾಂಕಿನ ದಂಪತಿ ಮತ್ತು ಅವರ ಹತ್ತು ವರ್ಷದ ಮಗ, ಮಂಗಳೂರಿನ ಇಬ್ಬರು ನರ್ಸುಗಳು, ಹಾಸನದ ಒಬ್ಬ ಬಡಗಿ, ನಾನು ಮತ್ತು ಗೆಳತಿ, ಪಿಯುಸಿ ಹುಡುಗಿ ಒಬ್ಬಳು. ಬಡಗಿ ಯಾಕೆ ಬಂದರೆಂದು ಎಲ್ಲರಿಗೂ ಕುತೂಹಲ. ‘ಮೂವತ್ತು ವರ್ಷದಿಂದ ಹಲಗೆ ನೋಡ್ತಿದೀನಿ, ನಿಂತಿರೋದನ್ನ ನೋಡೋಣ ಅಂತ’ ಎಂದರು. ಉಳಿದ ಮೂರೂ ದಿನ ಅವರ ಪಕ್ಕ ನಡೆಯಲು ನಮ್ಮಲ್ಲಿ ಸಣ್ಣ ಪೈಪೋಟಿಯೇ ಇತ್ತು.

ಮೇಷ್ಟ್ರು ಸಣ್ಣ ಆಳು, ಕೈಯಲ್ಲಿ ಮಡಿಸಿದ ಕೊಡೆ. ಎಲ್ಲರೂ ಪಶ್ಚಿಮದ ಕಣಿವೆಗೆ ಮುಖ ಮಾಡಿ ಸೂರ್ಯ ಮುಳುಗುವುದನ್ನು ಮೊಬೈಲಿನಲ್ಲಿ ಹಿಡಿಯುತ್ತಿದ್ದಾಗ ಅವರು ಬೆನ್ನು ತಿರುಗಿಸಿ ನಿಂತು, ಕೊಡೆಯ ತುದಿಯಿಂದ ಒಂದು ಮರ ತೋರಿಸಿದರು. ಸಿಲ್ವರ್. ಸಿಲ್ವರ್ ಓಕ್ ಎಂದು ಪೂರ್ತಿ ಹೆಸರು ಹೇಳುವವರು ನಮ್ಮಲ್ಲಿ ಕಮ್ಮಿ. ನನಗೆ ಅದು ಮರವೇ ಅಲ್ಲ, ಮೆಣಸಿನ ಬಳ್ಳಿಗೆ ಹಾಕಿದ ಕಂಬ.

‘ಓಕ್ ಅಂತ ಹೆಸರು, ಓಕಿಗೂ ಇದಕ್ಕೂ ನೆಂಟಸ್ತನ ಇಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿ ಇದರ ಊರು. ಕಾಫಿ, ಟೀ ಹಾಕೋ ಇಂಗ್ಲಿಷರು ನೆರಳಿಗೆ ಅಂತ ತಂದ್ರು’ ಎಂದು ನೆಲಕ್ಕೆ ಬಿದ್ದಿದ್ದ ಎಲೆಯೊಂದನ್ನು ತಿರುವಿದರು. ಮೇಲೆ ಹಸಿರು, ಅಡಿ ಬೆಳ್ಳಿ. ಮೇಲೆ ಕೊಂಬೆಯಲ್ಲಿ ಹೂ: ಕಿತ್ತಳೆ ಬಣ್ಣದ ಬಾಚಣಿಗೆ, ಎಲ್ಲ ಹಲ್ಲೂ ಒಂದೇ ಕಡೆಗೆ. ಹದಿನೆಂಟು ವರ್ಷ ಈ ಮರಗಳ ಕೆಳಗೆ ಓಡಾಡಿದ ನಾನು ಹೂವನ್ನು ಅಷ್ಟು ಸರಿಯಾಗಿ ನೋಡಿದ್ದು ಅವತ್ತೇ.

‘ನಾಳೆಯಿಂದ ಹೆಸರು ಬಾಯಿಪಾಠ ಮಾಡಬೇಡಿ. ಮರದ ಮುಂದೆ ನಿಂತಾಗೆಲ್ಲ ಒಂದೇ ಪ್ರಶ್ನೆ ಕೇಳ್ಕೊಳ್ಳಿ. ಇದನ್ನ ಯಾಕೆ ಕಡೀಲಿಲ್ಲ?’

ಎರಡನೆಯ ದಿನ

ಬೆಳಿಗ್ಗೆ ಆರೂವರೆಗೆ ಕೋಟೆ ಬಾಗಿಲು. ಮುದ್ದುರಾಜ 1681ರಲ್ಲಿ ಊರು ಕಟ್ಟಿದ, ಮುದ್ದುರಾಜನಕೇರಿ ಮಡಿಕೇರಿಯಾಯಿತು, ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ, ಒಳಗಿನ ಅರಮನೆ ಲಿಂಗರಾಜೇಂದ್ರನದು, 1812ರಿಂದ 14ರ ನಡುವೆ. ಇಷ್ಟನ್ನು ಮೇಷ್ಟ್ರು ಒಂದೇ ಉಸಿರಿನಲ್ಲಿ ಮುಗಿಸಿ, ಗೋಡೆಯ ಸಂದಿಯಲ್ಲಿ ಹುಟ್ಟಿದ ಮೊಣಕಾಲುದ್ದದ ಅರಳಿ ಸಸಿಗೆ ಹತ್ತು ನಿಮಿಷ ಕೊಟ್ಟರು.

ಹಕ್ಕಿ ಹಣ್ಣು ತಿಂದು ಹಿಕ್ಕೆ ಹಾಕುತ್ತದೆ, ಬೀಜ ಗಾರೆಯಲ್ಲಿ ಮೊಳೆಯುತ್ತದೆ. ಬೇರಿಗೆ ಕೂದಲೆಳೆ ಅಗಲದ ಬಿರುಕು ಸಾಕು, ನಲವತ್ತು ವರ್ಷದಲ್ಲಿ ಗೋಡೆಯನ್ನೇ ಎತ್ತಿ ಬಿಸಾಡುತ್ತದೆ. ಇದೊಂದನ್ನು ಕೀಳಲೇಬೇಕು. ಆದರೆ ಕೀಳಲು ಬಂದ ಕೂಲಿಯವನು ಅರಳಿ ಎಂದು ಗೊತ್ತಾದ ಕೂಡಲೇ ಕತ್ತಿ ಕೆಳಗಿಟ್ಟು, ‘ಇದು ನನ್ನ ಕೈಯಲ್ಲಿ ಆಗಲ್ಲ ಸಾರ್, ಮನೇಲಿ ಬಾಣಂತಿ ಇದ್ದಾಳೆ’ ಎನ್ನುತ್ತಾನೆ. ‘ಕಡಿಯಬಾರದ್ದು ಉಳಿಯೋದಕ್ಕೂ, ಕಡಿಯಬೇಕಾದ್ದು ಉಳಿಯೋದಕ್ಕೂ ಎಷ್ಟೋ ಸಲ ಕಾರಣ ಒಂದೇ’ ಎಂದರು ಮೇಷ್ಟ್ರು. ಬಡಗಿ ತಲೆಯಾಡಿಸಿದರು. ಅವರೂ ಅರಳಿ ಮುಟ್ಟುವುದಿಲ್ಲವಂತೆ. ‘ಹಲಗೆಗೂ ಬರಲ್ಲ ಬಿಡಿ, ಅದಕ್ಕೇ ಭಕ್ತಿ ಸುಲಭ’ ಎಂದು ಆಮೇಲೆ ಸೇರಿಸಿದರು.

ಅಲ್ಲಿಂದ ಹಳೆಯ ಬಂಗಲೆಯೊಂದರ ಗೇಟು. ಒಳಗೆ ಎಲ್ಲರೂ ಕ್ರಿಸ್‌ಮಸ್ ಮರ ಎನ್ನುವ ಮರ, ತೆಂಗಿನ ಮರಕ್ಕಿಂತ ಎತ್ತರ, ಮೈತುಂಬ ಬಾಟಲಿ ತೊಳೆಯುವ ಬ್ರಷ್ಷು. ನ್ಯೂ ಕ್ಯಾಲಿಡೋನಿಯಾ ಎಂಬ ಶಾಂತಸಾಗರದ ದ್ವೀಪದಿಂದ ಬಂದದ್ದು, ಕ್ರಿಸ್‌ಮಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲ. ಮೇಷ್ಟ್ರು ಕೊಡೆಯನ್ನು ಹಿಡಿಯ ಬಳಿ ಎರಡು ಬೆರಳಲ್ಲಿ ತೂಗುಬಿಟ್ಟು, ಒಂದು ಕಣ್ಣು ಮುಚ್ಚಿ, ‘ಬನ್ನಿ, ಇಲ್ಲಿಂದ ನೋಡಿ’ ಎಂದರು. ಕೊಡೆ ನೆಟ್ಟಗೆ, ಮರ ವಾರೆ! ‘ಯಾವ ದಿಕ್ಕು?’ ಬ್ಯಾಂಕಿನವರ ಹುಡುಗ ಅಪ್ಪನ ಫೋನಿನಲ್ಲಿ ದಿಕ್ಸೂಚಿ ತೆಗೆದ. ದಕ್ಷಿಣ. ಈ ಜಾತಿಯ ಮರ ಲೋಕದಲ್ಲಿ ಎಲ್ಲೇ ನೆಟ್ಟರೂ ಸಮಭಾಜಕದ ಕಡೆಗೆ ವಾಲುತ್ತದಂತೆ. ಆಸ್ಟ್ರೇಲಿಯಾದಲ್ಲಿದ್ದರೆ ಉತ್ತರಕ್ಕೆ, ನಮ್ಮಲ್ಲಿ ದಕ್ಷಿಣಕ್ಕೆ. ಅದಾದ ಮೇಲೆ ಹುಡುಗ ಮಡಿಕೇರಿಯಲ್ಲಿ ಕಂಡ ಕ್ರಿಸ್‌ಮಸ್ ಮರಗಳನ್ನೆಲ್ಲ ತೂಗಿ ನೋಡಿದ, ಕೊಡೆ ಮೇಷ್ಟ್ರಿಗೆ ವಾಪಸು ಸಿಗಲಿಲ್ಲ.

ಓಂಕಾರೇಶ್ವರ ದೇವಸ್ಥಾನದ ಹತ್ತಿರ ಹತ್ತು ರೂಪಾಯಿಗೆ ನಾಲ್ಕು ಕೆಂಡಸಂಪಿಗೆ ಕೊಂಡೆವು. ಮಹದೇವಪೇಟೆಯ ರಾಜರ ಗದ್ದಿಗೆಯಲ್ಲಿ ದೇವಕಣಗಿಲೆ ಮಾತು ಬಂತು. ಅಮೆರಿಕದ ಉಷ್ಣವಲಯದಿಂದ ಬಂದ ಗಿಡಕ್ಕೆ ನಾವು ಹೆಸರಿನಲ್ಲೇ ದೇವರನ್ನು ಸೇರಿಸಿಕೊಂಡಿದ್ದೇವೆ. ಗೋರಿಯ ಬಳಿಯೂ ಅದೇ, ಗುಡಿಯ ಬಳಿಯೂ ಅದೇ. ಗದ್ದಿಗೆಯ ಆವರಣದಲ್ಲಿ ಟಿಪ್ಪುವಿನ ಸೈನ್ಯದ ವಿರುದ್ಧ ಹೋರಾಡಿ ಸತ್ತ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ. ನರ್ಸುಗಳಿಬ್ಬರು ಅಲ್ಲಿ ಒಂದೊಂದು ಸಂಪಿಗೆ ಇಟ್ಟರು. ಬಿಸಿಲು ಏರಿತ್ತು, ಬೇಗ ಹೊರಬಿದ್ದೆವು.

ನನಗೆ ಅವತ್ತು ಇಷ್ಟವಾದ ಮರಕ್ಕೆ ಯಾವ ರಾಜನ ನಂಟೂ ಇಲ್ಲ. ಬಸ್ ಸ್ಟ್ಯಾಂಡಿನಿಂದ ಮೇಲೆ ಹತ್ತುವ ರಸ್ತೆಯ ತಿರುವಿನಲ್ಲಿ ಒಂದು ಗೋಣಿಮರ. ಅರ್ಧ ಬುಡ ರಸ್ತೆಗೆ ಬಂದಿದೆ, ಕಾಂಡಕ್ಕೆ ಹಳದಿ ಕಪ್ಪು ಪಟ್ಟೆ ಬಳಿದಿದ್ದಾರೆ, ಬಳಿದ ಪಟ್ಟೆಯನ್ನು ಲಾರಿಗಳು ಸವರಿ ಹೋಗಿವೆ. ಯಾಕೆ ಕಡಿಯಲಿಲ್ಲ? ಪಕ್ಕದ ಟೀ ಅಂಗಡಿಯವರೇ ಉತ್ತರ ಹೇಳಿದರು. ಮರ ರಸ್ತೆಯದು ಎಂದು ಒಂದು ಇಲಾಖೆ, ರಸ್ತೆಯಾಚೆ ಇರುವುದರಿಂದ ನಿಮ್ಮದು ಎಂದು ಇನ್ನೊಂದು ಇಲಾಖೆ. ಪತ್ರ ಹೋಗುತ್ತದೆ, ಪತ್ರ ಬರುತ್ತದೆ. ‘ನಾನು ಬಂದಾಗಿಂದ ಹೋಗ್ತಾ ಬರ್ತಾ ಇದೆ’ ಎಂದರು. ಮೇಷ್ಟ್ರು ಟೀ ಲೋಟ ಮೇಲೆತ್ತಿ, ‘ಹಾಗೇ ನಡೀಲಿ’ ಎಂದು ಮರದ ಕಡೆ ತೋರಿಸಿ ಕುಡಿದರು. ಗೋಣಿಕೊಪ್ಪದ ಗೋಣಿ ಈ ಗೋಣಿಮರವೋ ಗೋಣಿಚೀಲವೋ ಎಂದು ವಾದ ಶುರುವಾಗಿ ಎರಡನೆಯ ಟೀ ಆಯಿತು.

ಮಧ್ಯಾಹ್ನ ಮಂಗಳೂರು ರಸ್ತೆಯಲ್ಲಿ ಜೋಡುಪಾಲದ ಕಡೆ ಇಳಿದೆವು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಜಾಗ. ಇಲ್ಲಿ ಮೇಷ್ಟ್ರ ಪ್ರಶ್ನೆ ಇರಲಿಲ್ಲ. ಕಡಿಯದೆ ಉಳಿದ ಮರವೂ ಮಣ್ಣಿನ ಜೊತೆ ಹೋಗಿತ್ತು. ಕೆಂಪು ಗಾಯದ ಮೇಲೆ ಈಗ ಉಪ್ಪಳಿಗೆ ಎದ್ದು ನಿಂತಿದೆ, ಮೊರದಗಲದ ಎಲೆಗಳು. ಬೋಳಾದ ಜಾಗಕ್ಕೆ ಮೊದಲು ಬರುವ ಮರಗಳಲ್ಲಿ ಅದೊಂದು. ನರ್ಸುಗಳಲ್ಲಿ ದೊಡ್ಡವರು ಒಂದು ಎಲೆ ಕಿತ್ತು, ‘ನಮ್ಮಮ್ಮ ಇದರಲ್ಲಿ ಕಡುಬು ಬೇಯಿಸ್ತಿದ್ರು’ ಎಂದರು. ಆಮೇಲೆ ವ್ಯಾನು ಹತ್ತುವ ತನಕ ಯಾರೂ ಮಾತಾಡಲಿಲ್ಲ.

ಮೂರನೆಯ ದಿನ

ವಿರಾಜಪೇಟೆ ದಾಟಿ ಒಂದು ಹಳ್ಳಿ. ಹೆಸರು ಬರೆಯಬೇಡಿ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ, ಕೇಳಿದ್ದು ಸರಿಯಾಗಿಯೇ ಇದೆ. ಪಕ್ಕದ ಊರಿನ ಜಲಪಾತವೊಂದು ಫೋನುಗಳಲ್ಲಿ ಹೆಸರಾಗಿ ಒಂದೇ ಬೇಸಿಗೆಯಲ್ಲಿ ಬಾಟಲಿ ಗುಂಡಿಯಾಯಿತಂತೆ.

ಇವತ್ತು ನೋಡಬೇಕಾದದ್ದು ದೇವರಕಾಡು. ಕೊಡಗಿನಲ್ಲಿ ಲೆಕ್ಕಕ್ಕೆ ಸಿಕ್ಕ ದೇವರಕಾಡುಗಳೇ 1,214. ಊರಿಗೊಂದು ಎನ್ನುವುದಕ್ಕಿಂತ ಹೆಚ್ಚು. ಭಗವತಿಯದು, ಈಶ್ವರನದು, ಭದ್ರಕಾಳಿಯದು, ಅಯ್ಯಪ್ಪನದು. ಕೆಲವು ಅರ್ಧ ಎಕರೆ, ಕೆಲವು ನೂರಾರು ಎಕರೆ. 1905ರ ಲೆಕ್ಕದಲ್ಲಿ ಎಲ್ಲ ಸೇರಿ ಸುಮಾರು 15,500 ಎಕರೆ ಇದ್ದದ್ದು 1985ರ ಹೊತ್ತಿಗೆ ಸುಮಾರು 6,300 ಎಕರೆ. ದೇವರ ಭಯ ಮರ ಉಳಿಸುತ್ತದೆ ಎನ್ನುವವರು ಈ ಎರಡು ಅಂಕಿಯನ್ನು ಒಟ್ಟಿಗೆ ಓದಬೇಕು. ಒಳಗಿನ ಮರಕ್ಕೆ ಕೊಡಲಿ ಹಾಕಲು ಹೆದರುವ ಕೈ, ಅಂಚಿನಲ್ಲಿ ಬೇಲಿಯನ್ನು ವರ್ಷಕ್ಕೆ ಒಂದು ಮಾರು ಒಳಗೆ ಸರಿಸಲು ಹೆದರುವುದಿಲ್ಲ. ನಾವು ನಡೆದ ಕಾಡಿನ ಮೂರು ದಿಕ್ಕಿಗೂ ಕಾಫಿ. ಬೇಲಿಯ ಕಲ್ಲು ಯಾವ ಕಡೆ ಸವೆದಿದೆ ಎನ್ನುವುದು ಕಾಣುತ್ತಿತ್ತು.

ತಕ್ಕರು ಎಂದರೆ ಊರಿನ, ದೇವರ ಕೆಲಸದ ಮುಖ್ಯಸ್ಥರು. ಅವರ ಮನೆಯ ಅಜ್ಜ ದಾರಿಯಲ್ಲೇ ಕಾದಿದ್ದರು. ಎಂಬತ್ತು ದಾಟಿರಬೇಕು, ಬಿಳಿ ಪಂಚೆ, ಬೆನ್ನು ಮಾತ್ರ ನೆಟ್ಟಗೆ. ‘ಚಪ್ಪಲಿ ಇಲ್ಲೇ ಬಿಡಿ. ಒಳಗಿಂದ ಏನೂ ತರಬಾರದು. ಕಡ್ಡಿ ಕೂಡ.’ ಹುಡುಗ ಕೊಡೆ ತರಬಹುದೇ ಎಂದು ಕೇಳಿದ. ಅಜ್ಜ ಯೋಚಿಸಿ, ‘ಹೊರಗಿಂದ ತಂದದ್ದು ಹೊರಗೆ ತಗೊಂಡು ಹೋಗಬಹುದು’ ಎಂದರು.

ಒಳಗೆ ಕಾಲಿಟ್ಟ ಕೂಡಲೇ ಚಳಿ. ಪಾದದಡಿ ಎಲೆ, ಅದರಡಿ ಎಲೆ, ಅದರಡಿ ಮೆತ್ತನೆ ಕಪ್ಪು. ಇಪ್ಪತ್ತು ಹೆಜ್ಜೆ ಹಿಂದೆ ತೋಟದಲ್ಲಿ ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು, ಇಲ್ಲಿ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕಾಯಿತು. ಧೂಪ, ಹೆಬ್ಬಲಸು, ನಾಗಸಂಪಿಗೆ, ಬೈನೆ. ಮೇಷ್ಟ್ರು ಹೆಸರು ಹೇಳುತ್ತಿದ್ದರು, ಅಜ್ಜ ಅದಕ್ಕೇ ಕೊಡವ ಭಾಷೆಯಲ್ಲಿ ಇನ್ನೊಂದು ಹೆಸರು ಹೇಳುತ್ತಿದ್ದರು, ಇಬ್ಬರಿಗೂ ಪರಸ್ಪರರದು ಸ್ವಲ್ಪ ತಪ್ಪು ಅನಿಸುತ್ತಿತ್ತು ಎನ್ನುವುದು ಮುಖದಲ್ಲೇ ಗೊತ್ತಾಗುತ್ತಿತ್ತು. ಸುರಹೊನ್ನೆಯ ಜಾತಿಗೇ ಸೇರಿದ ಒಂದು ಮರ, ನೆಲದಿಂದ ನೇರ ಎದ್ದು ಎಲ್ಲೋ ಮೇಲೆ ಮೊದಲ ಕೊಂಬೆ. ಇಂಗ್ಲಿಷರು ಇದನ್ನು ಪೂನ್‌ಸ್ಪಾರ್ ಎಂದು ಕರೆದು ಹಡಗಿನ ಪಟದ ಕಂಬಕ್ಕೆ ಸಾಗಿಸುತ್ತಿದ್ದರು. ಬಡಗಿ ಕೈಯಿಂದ ಕಾಂಡ ಸವರಿ, ‘ಗಂಟೇ ಇಲ್ಲ, ಗಂಟೇ ಇಲ್ಲ’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಏನೋ ಕದ್ದವರ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡರು.

ಮುಂದೆ ಕಾಡುಮಾವು. ಇದನ್ನು ಅಳೆಯೋಣ ಎಂದಾಯಿತು. ಅಳೆಯುವ ಕ್ರಮ ಇದು: ನೆಲದಿಂದ ನಾಲ್ಕೂವರೆ ಅಡಿ ಮೇಲೆ ಗುರುತು ಮಾಡಿ, ಅಲ್ಲಿ ಸುತ್ತಳತೆ. ನಮ್ಮಲ್ಲಿದ್ದದ್ದು ಒಂದೂವರೆ ಮೀಟರಿನ ಟೇಲರ್ ಟೇಪು. ಪಿಯುಸಿ ಹುಡುಗಿ ತನ್ನ ವೇಲು ಕೊಟ್ಟಳು, ಗೆಳತಿ ಅವಳದು ಗಂಟು ಹಾಕಿದಳು, ಆದರೂ ಮುಟ್ಟಲಿಲ್ಲ. ನಾನು ಮರಕ್ಕೆ ಎದೆ ಒತ್ತಿ, ಕೈ ಚಾಚಿ ವೇಲಿನ ತುದಿ ಹಿಡಿದು ನಿಂತೆ. ತೊಗಟೆಗೆ ಕೆನ್ನೆ ತಾಗಿತ್ತು, ಮಾವಿನ ಸೊನೆಯ ಸಣ್ಣ ವಾಸನೆ. ಕಾವ್ಯ ಹುಟ್ಟುವ ಹೊತ್ತು. ಹುಟ್ಟಿದ್ದು ಬೇರೆ. ಚಿಗಳಿ ಇರುವೆ ಕುತ್ತಿಗೆಯಿಂದ ಇಳಿದು ರವಿಕೆಯ ಒಳಗೆ ಸಾಲು ಹಿಡಿದಿತ್ತು. ನಾನು ಕುಣಿದದ್ದನ್ನು ಯಾರೂ ವಿಡಿಯೊ ಮಾಡಲಿಲ್ಲ ಎನ್ನುವುದು ಆ ದೇವರ ದೊಡ್ಡ ಕೃಪೆ. ಅಜ್ಜ ಮೊದಲ ಸಲ ನಕ್ಕರು. ‘ಮರ ಅಪ್ಪಿಕೊಳ್ಳೋ ಮೊದಲು ಮರವನ್ನ ಕೇಳಬೇಕಮ್ಮ.’ ಎರಡನೆಯ ಸುತ್ತಿನಲ್ಲಿ ಅಳತೆ ಸಿಕ್ಕಿತು: ಆರು ಮೀಟರಿಗೆ ಒಂದು ಗೇಣು ಕಮ್ಮಿ.

ಕಾಡಿನ ನಡುವೆ ಅಯ್ಯಪ್ಪನ ನೆಲೆ. ಗುಡಿ ಇಲ್ಲ, ಗೋಪುರ ಇಲ್ಲ. ಕಲ್ಲಿನ ಕಟ್ಟೆ, ಸುತ್ತ ಮಣ್ಣಿನ ನಾಯಿಗಳು. ಬೇಟೆಯ ದೇವರಿಗೆ ನಾಯಿಯೇ ಹರಕೆ. ಹೊಸವು ಕೆಂಪಗೆ, ಹಳೆಯವು ಪಾಚಿ ಹಿಡಿದು, ಕೆಲವಕ್ಕೆ ಕಿವಿಯಿಲ್ಲ, ಕೆಲವಕ್ಕೆ ಮೂತಿಯಿಲ್ಲ, ಒಂದೆರಡು ಮತ್ತೆ ಮಣ್ಣೇ ಆಗಿದ್ದವು. ಅಜ್ಜ ಒಂದು ಡಬ್ಬದಿಂದ ಕಪ್ಪು ಗಾಜಿನ ಚೂರಿನಂಥ ರಾಳ ತೆಗೆದು ಕೆಂಡದ ಮೇಲೆ ಇಟ್ಟರು. ಕರಿಧೂಪದ ರಾಳ. ಕೂಡಲೇ ಹೊಗೆ ಏಳುವುದಿಲ್ಲ, ಮೊದಲು ಕರಗುತ್ತದೆ, ಗುಳ್ಳೆಯಾಗುತ್ತದೆ, ಆಮೇಲೆ ದಪ್ಪ ಬಿಳಿ ಹೊಗೆ. ಹುಡುಗ ಇದೇ ಕಾಡಿನದಾ ಎಂದು ಕೇಳಿದ. ‘ಇಲ್ಲಿ ಮರಕ್ಕೆ ಗಾಯ ಮಾಡೋ ಹಾಗಿಲ್ವಲ್ಲ. ಇದು ಸಂತೆಯದು’ ಎಂದರು ಅಜ್ಜ. ತಲೆ ಮೇಲೆಯೇ ಕರಿಧೂಪದ ಮರವೊಂದು ಎಳೆ ಚಿಗುರಿನಲ್ಲಿ ರಕ್ತಕೆಂಪಾಗಿ ನಿಂತಿತ್ತು.

ವಾಪಸು ಬರುವಾಗ ಮೇಷ್ಟ್ರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ಹಳೆಯ ಹೆಬ್ಬಲಸಿನ ಕಾಂಡದಲ್ಲಿ, ಮೂರು ಆಳೆತ್ತರದಲ್ಲಿ, ಒಂದು ಪೊಟರೆ. ಪೊಟರೆಯ ಬಾಯಿ ಮುಚ್ಚಿದೆ, ನಡುವೆ ಉದ್ದನೆ ಸೀಳು ಮಾತ್ರ. ಮಂಗಟ್ಟೆ. ಹೆಣ್ಣು ಒಳಗೆ ಕೂತು, ತನ್ನ ಹಿಕ್ಕೆಯಿಂದ ಬಾಗಿಲು ಮೆತ್ತಿಕೊಂಡು, ರೆಕ್ಕೆಯ ಗರಿಗಳನ್ನೂ ಉದುರಿಸಿಕೊಂಡು ವಾರಗಟ್ಟಲೆ ಸೆರೆಯಲ್ಲಿರುತ್ತದೆ. ಅಷ್ಟು ದಿನವೂ ಗಂಡಿನದೇ ಊಟ. ನಾವು ಗಿಡಗಳ ಹಿಂದೆ ಕೂತೆವು. ಅರ್ಧ ಗಂಟೆ. ಯಾರದೋ ಹೊಟ್ಟೆ ಗುರ್ ಎಂದಿತು. ಆಮೇಲೆ ಯಾರೋ ಗಹಗಹಿಸಿ ನಕ್ಕ ಹಾಗೆ ಕೂಗು, ಬೂದು ಬಣ್ಣದ ಹಕ್ಕಿ ಬಂದು ತೊಗಟೆಗೆ ಆತು ಕೂತಿತು. ಕೊಕ್ಕಿನಲ್ಲಿ ಏನೂ ಕಾಣಲಿಲ್ಲ. ಕತ್ತು ಕೊಂಕಿಸಿ, ಗಂಟಲಿನಿಂದ ಒಂದು ಹಣ್ಣು ತೆಗೆದು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ಕೊಟ್ಟಿತು. ಮತ್ತೆ ಕತ್ತು ಕೊಂಕಿಸಿತು, ಇನ್ನೊಂದು. ಹುಡುಗ ಬೆರಳೆಣಿಸುತ್ತಿದ್ದ, ಹದಿನಾಲ್ಕು. ಹದಿನಾಲ್ಕೂ ಬೇರೆ ಬೇರೆ ಮರದಿಂದ ತಂದದ್ದಿರಬಹುದು ಎಂದು ಪಿಸುಗುಟ್ಟಿದರು ಮೇಷ್ಟ್ರು. ‘ಈ ಹಕ್ಕಿ ತೋಟದಲ್ಲೂ ಹಣ್ಣು ತಿನ್ನುತ್ತೆ. ಆದರೆ ಮನೆ ಬೇಕಾದರೆ ಹಳೇ ಮರಕ್ಕೇ ಬರಬೇಕು. ಸಿಲ್ವರಿಗೆ ಪೊಟರೆ ಆಗೋಷ್ಟು ವಯಸ್ಸು ನಾವೆಲ್ಲಿ ಕೊಡ್ತೀವಿ?’

ಮಧ್ಯಾಹ್ನ ತಕ್ಕರ ಮನೆಯಲ್ಲಿ ಊಟ. ಕಡುಬುಟ್ಟು, ಪಂದಿಕರಿ, ತಿನ್ನದವರಿಗೆ ಉಪ್ಪಿನಲ್ಲಿಟ್ಟ ಕಾಡುಮಾವಿನ ಬೆಲ್ಲ ಹಾಕಿದ ಸಾರು. ಅಡುಗೆಮನೆಯ ಹಿಂದೆ ಕಾಚಂಪುಳಿ ಮರ. ಮಳೆಗಾಲದಲ್ಲಿ ಹಣ್ಣಿನ ರಸ ಇಳಿಸಿ, ಎಣ್ಣೆಯಷ್ಟು ಮಂದವಾಗಿ ಕಪ್ಪಾಗುವ ತನಕ ಕುದಿಸಿ ಶೀಸೆಗೆ ತುಂಬುತ್ತಾರೆ, ವರ್ಷವಿಡೀ ಕೆಡುವುದಿಲ್ಲ. ಈ ಮರ ಯಾಕೆ ಕಡೀಲಿಲ್ಲ ಎಂದು ಮೇಷ್ಟ್ರು ಕೇಳುವ ಮೊದಲೇ ಆ ಮನೆಯ ಅಕ್ಕ ಸೌಟು ಎತ್ತಿ ತೋರಿಸಿದರು.

ನಾಲ್ಕನೆಯ ದಿನ

ಸಿದ್ದಾಪುರದ ಕಡೆ ಒಂದು ತೋಟ. ತೋಟ ನೋಡುವುದೇನು, ನನಗೆ ಗೊತ್ತಿಲ್ಲದ್ದು ಏನಿದೆ ಎಂದುಕೊಂಡೇ ಹೋದೆ. ಒಂದು ಬೀಟೆಮರದ ಮುಂದೆ ನಿಂತು ತೋಟದ ಯಜಮಾನಿ ಹೇಳಿದ್ದು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಮಡಿಕೇರಿಯಲ್ಲಿ 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ತೋಟ ಹಾಕಿದಲ್ಲಿಂದ ಇಲ್ಲಿ ಕಾಫಿ ಹೆಚ್ಚಾಗಿ ಬೆಳೆದದ್ದು ಕಾಡಿನ ನೆರಳಿನಲ್ಲಿ. ನೆರಳು ತೆಳುವಾದರೆ ಅರೇಬಿಕಾಕ್ಕೆ ಕಾಂಡಕೊರಕ ಬೀಳುತ್ತದೆ. ಹಾಗಾಗಿ ಮರ ಬೇಕು. ಆದರೆ ಮರ ಯಾರದು? ಕೊಡಗಿನ ಜಮ್ಮಾ ಗದ್ದೆಗಳ, ಅಂದರೆ ವಂಶಪಾರಂಪರ್ಯವಾಗಿ ಬರುವ ಗದ್ದೆಗಳ ಜೊತೆ ಸೊಪ್ಪು, ಸೌದೆ, ಮೇವಿಗೆಂದು ಬಾಣೆ ಜಾಗ ಕೊಟ್ಟಿದ್ದರು. ನೆಲ ಅನುಭವಿಸಬಹುದು, ಮರ ಸರ್ಕಾರದ್ದು. 1899ರ ಕೊಡಗು ಭೂಕಂದಾಯ ಕಾನೂನಿನ ಕಾಲದಿಂದ ಈ ಗಂಟು ಬಿಚ್ಚಿಲ್ಲ. ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಜಾಗ ರಿಡೀಮ್ಡ್, ಕಟ್ಟದ್ದು ಅನ್‌ರಿಡೀಮ್ಡ್. ಈ ಎರಡು ಪದ ಕನ್ನಡ ಓದು ಬರದ ತೋಟದವರ ಬಾಯಲ್ಲೂ ನೀರು ಕುಡಿದ ಹಾಗೆ ಬರುತ್ತವೆ. ‘ನಮ್ಮ ಮಾವನ ಕಾಲದಿಂದ ಈ ಬೀಟೆಗೆ ನಾವೇ ನೀರು, ಗೊಬ್ಬರ, ಕಾವಲು. ಬಿರುಗಾಳಿಗೆ ಬಿದ್ದರೆ ಮಾತ್ರ ಇಲಾಖೆಯವರು ಬರ್ತಾರೆ’ ಎಂದು ಆ ಅಕ್ಕ ನಕ್ಕರು.

ಹಾಗಾದರೆ ತನ್ನದಾಗದ ಮರದ ಬೀಜ ಮೊಳೆತರೆ ಯಾರು ಉಳಿಸುತ್ತಾರೆ? ಬೀಟೆಯ ಸಸಿ ಕಳೆಯ ಜೊತೆ ಹೋಗುತ್ತದೆ. ಸಿಲ್ವರ್ ಪರದೇಶದ್ದು, ಕಾಡುಮರಗಳಿಗಿರುವ ಅನುಮತಿಯ ತಾಪತ್ರಯ ಇಲ್ಲ. ನೆಟ್ಟಗೆ ಬೆಳೆಯುತ್ತದೆ, ಮೆಣಸು ಹತ್ತುತ್ತದೆ, ಮಗಳ ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾದಾಗ ಪ್ಲೈವುಡ್ಡಿನವರಿಗೆ ಫೋನು ಮಾಡಿದರೆ ಸಾಕು. ಒಳ್ಳೆಯ ಮರವನ್ನು ಕಾಯಲು ಮಾಡಿದ ಕಾನೂನೇ ಅದರ ಮರಿಗಳನ್ನು ಕಳೆ ಮಾಡಿಬಿಟ್ಟಿತು ಎಂದು ನನಗೆ ಅನಿಸಿತು. ಮೇಷ್ಟ್ರು ಅಷ್ಟು ಜೋರಾಗಿ ಹೇಳಲಿಲ್ಲ. ‘ಕಾನೂನು ಇಲ್ಲದಿದ್ದರೆ ಈ ದೊಡ್ಡದೂ ಇರ್ತಿರಲಿಲ್ಲ ನೋಡಮ್ಮ’ ಎಂದಷ್ಟೇ ಅಂದರು.

ತೋಟದಲ್ಲಿ ಮರಕಪಾತು ನಡೆದಿತ್ತು. ನಾಲ್ವತ್ತು ಅಡಿ ಮೇಲೆ ಹಗ್ಗ ಕಟ್ಟಿಕೊಂಡ ಹುಡುಗನೊಬ್ಬ ಕೊಂಬೆ ಸವರುತ್ತಿದ್ದ, ಕೆಳಗೆ ಕಾಫಿ ಗಿಡದ ಮೇಲೆ ಬೀಳದ ಹಾಗೆ. ಎಳೆ ಹಲಸಿನ ಕಾಯಿಗಳನ್ನೂ ಕಿತ್ತು ಹಾಕುತ್ತಿದ್ದರು. ಹಣ್ಣಾದರೆ ಆನೆ ಬರುತ್ತದೆ. ಇನ್ನೂ ನೋಡಬೇಕಾದ ಜೇನುಮರವೊಂದಿತ್ತು, ಹೆಜ್ಜೇನು ಮೂವತ್ತು ನಲವತ್ತು ತಟ್ಟಿ ಕಟ್ಟುವ ಬೂರುಗ. ಹನ್ನೆರಡಕ್ಕೆ ಆಕಾಶ ಕಪ್ಪಾಗಿ ಆಲಿಕಲ್ಲು ಸಮೇತ ಸುರಿಯಿತು. ಬಸ್ಸಿನ ಆ ಹೆಂಗಸಿನ ಎರಡನೆಯ ಮಳೆ. ನಾವು ಕಣದ ಪಕ್ಕದ ಗೋದಾಮಿನಲ್ಲಿ ಮೂರು ಗಂಟೆ ಕೂತು ಕಾಫಿ ಕುಡಿದೆವು. ಜೇನುಮರ ನೋಡಲಿಲ್ಲ.

ಐದನೆಯ ದಿನ

ಬೆಳಿಗ್ಗೆ ಎಲ್ಲರಿಗೂ ಹೇಳಿ ಸೋಮವಾರಪೇಟೆ ಬಸ್ಸು ಹತ್ತಿದೆ. ಬಡಗಿ ತಮ್ಮ ಫೋನ್ ನಂಬರು ಕೊಟ್ಟು, ‘ಮೇಜು ಕುರ್ಚಿ ಬೇಕಾದರೆ ಹೇಳಿ’ ಎಂದವರು, ಸ್ವಲ್ಪ ತಡೆದು, ‘ಹಳೇದನ್ನೇ ರಿಪೇರಿ ಮಾಡಿಕೊಡ್ತೀನಿ’ ಎಂದರು.

ಅಪ್ಪನಿಗೆ ಎರಡೂವರೆ ಎಕರೆ ತೋಟ. ನಾನು ಟೇಪು ಹಿಡಿದು ಹೋದದ್ದು ನೋಡಿ, ‘ಜಾಗ ಅಳೆಯೋಕೆ ಬಂದ್ಯಾ? ಪಾಲು ಕೇಳ್ತಿಯಾ?’ ಎಂದರು. ಇಬ್ಬರೂ ಇಳಿದೆವು. ಎಲ್ಲ ಸಿಲ್ವರ್. ಮೊದಲು ಇಲ್ಲಿ ಬಿಲ್ವಾರ, ಅತ್ತಿ, ಹಾಲುವಾಣ ಇದ್ದದ್ದು ನನಗೂ ಮಸುಕಾಗಿ ನೆನಪಿದೆ. ನಾಲ್ಕು ದಿನದ ಹೊಸ ತಿಳಿವಳಿಕೆಯ ಬಿಸಿ ಇನ್ನೂ ಆರಿರಲಿಲ್ಲ, ಯಾಕಪ್ಪಾ ಎಲ್ಲ ತೆಗೆದು ಇದನ್ನೇ ನೆಟ್ಟೆ ಎಂದು ಕೇಳಿಬಿಟ್ಟೆ.

ಅಪ್ಪ ಒಂದು ಬುಡದ ಮೇಲೆ ಕಾಲಿಟ್ಟರು. ಕಡಿದ ಸಿಲ್ವರಿನ ಬುಡ, ಸುತ್ತ ಹುಲ್ಲು. ‘ಇದು ನಿನ್ನ ಮೊದಲನೇ ವರ್ಷದ ಫೀಸು.’ ನಾಲ್ಕು ಹೆಜ್ಜೆ ಆಚೆ ಇನ್ನೆರಡು ಬುಡ. ‘ಇವೆರಡು ಹಾಸ್ಟೆಲ್ಲು.’ ಮುಂದಿನದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನ ಮದುವೆ ಎಷ್ಟು ಮರವಾಯಿತೆಂದು ತಿಳಿದುಕೊಂಡು ಏನಾಗಬೇಕಿದೆ.

ತೋಟದ ಕೆಳಮೂಲೆಯಲ್ಲಿ, ತೋಡಿನ ಪಕ್ಕ, ಒಂದು ಹಲಸು ಇನ್ನೂ ಇತ್ತು. ಚಿಕ್ಕವಳಿದ್ದಾಗ ಅದರ ಬೇರಿನ ಮೇಲೆ ಕೂತು ಮಗ್ಗಿ ಹೇಳುತ್ತಿದ್ದೆ. ಟೇಪು ಹಿಡಿದೆ, ಅಪ್ಪ ಇನ್ನೊಂದು ತುದಿ ಹಿಡಿದರು. ಮೂರು ಮೀಟರು ಎಂಟು ಸೆಂಟಿಮೀಟರು. ಹಲಸಿನ ಮರಕ್ಕೆ ಒಳ್ಳೆ ರೇಟು ಎಂದು ಎಲ್ಲರಿಗೂ ಗೊತ್ತು.

‘ಇದನ್ನ ಯಾಕೆ ಕಡೀಲಿಲ್ಲ?’

‘ಕಡಿಯೋಕೆ ಬಂದಿದ್ರು. ವ್ಯಾಪಾರಿ ಕೊಡಲಿ ತಿರುವಿ ಹಿಂಬದಿಯಿಂದ ಎರಡು ಸಲ ಬಡಿದ, ಡಬಡಬ ಅಂತು. ಟೊಳ್ಳು ಗೌಡ್ರೇ ಅಂತ ಬಿಟ್ಟು ಹೋದ.’ ಅಪ್ಪ ಕಾಂಡದ ಒಂದು ಕಡೆ ಬಗ್ಗಿ, ನನ್ನ ತಲೆ ಹಿಡಿದು ತೊಗಟೆಗೆ ಒತ್ತಿದರು. ಚಿಗಳಿ ನೆನಪಾಗಿ ಮೊದಲು ಕತ್ತು ಕೊಡವಿಕೊಂಡೆ. ಒಳಗೆ ಸದ್ದು, ದೂರದ ಹಳ್ಳಿಯಲ್ಲಿ ಅಕ್ಕಿ ಗಿರಣಿ ಓಡಿದ ಹಾಗೆ. ತುಡುವೆ ಜೇನು. ಮೊಣಕಾಲಿನ ಮಟ್ಟದಲ್ಲಿ ಬೆರಳು ಹೋಗುವಷ್ಟು ತೂತು, ಕಾಫಿ ಹೂವಿನ ಬಿಳಿ ಪುಡಿ ಕಾಲಿಗೆ ಮೆತ್ತಿಕೊಂಡ ಹುಳುಗಳು ಒಂದರ ಹಿಂದೆ ಒಂದು ಒಳಗೆ ಹೋಗುತ್ತಿದ್ದವು.

‘ತುಪ್ಪ ತೆಗೆಯಲ್ವಾ?’

‘ತೆಗೀಬೇಕಾದರೆ ಮರ ಸೀಳಬೇಕಲ್ಲ’ ಎಂದು ಅಪ್ಪ ಟೇಪು ಸುತ್ತತೊಡಗಿದರು. ‘ಬಾ, ನಿಮ್ಮಮ್ಮ ರೊಟ್ಟಿ ಹಾಕ್ತಿದ್ದಾಳೆ.’